ಸಕ್ಕರೆ ಕಾಯಿಲೆಗೆ ಗಿಡಮೂಲಿಕೆಯ ಸಾರ: ಅಳತೆಯಿಲ್ಲದ ಹೋಲಿಕೆ ಬೇಡ

ಮಾನ್ಯ ಸಂಪಾದಕರೇ,

ಮಧುಮೇಹಕ್ಕೆ ಔಷಧೀಯ ಸಸ್ಯಗಳ ಸಾರ ಮೇಲೋ, ರಾಸಾಯನಿಕವಾಗಿ ತಯಾರಿಸಿದ ಮಾತ್ರೆ ಮೇಲೋ ಎಂಬ ಬಗ್ಗೆ ತಮ್ಮ ಓದುಗರ ಅಂಕಣದಲ್ಲಿ ಕೆಲವು ವಾರಗಳಿಂದ ನಡೆಯುತ್ತಿರುವ ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಔಷಧ ವಿಜ್ಞಾನದ ಅಧ್ಯಾಪಕನಾಗಿ ಬೇರು, ತೊಗಟೆ, ಎಲೆಗಳಿಂದ ಸಾರ ತೆಗೆಯುವುದನ್ನು ಬಹಳ ವರ್ಷ ವಿದ್ಯಾರ್ಥಿಗಳಿಗೆ ಕಲಿಸಿದವನು ನಾನು. ಅಂದಿನಿಂದಲೂ ಸಕ್ಕರೆ ಕಾಯಿಲೆಯಿರುವವರು ನನ್ನನ್ನು ಹೆಚ್ಚಾಗಿ ಕೇಳಿದ ಪ್ರಶ್ನೆಯೂ ಇದೇ. ಚರ್ಚೆಯಲ್ಲಿ ಒಂದು ಪಕ್ಷದವರು ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನೆನಪಿಸಿ, ಪ್ರಕೃತಿ ಕೊಟ್ಟದ್ದನ್ನು ಕಡೆಗಣಿಸಿ ರಾಸಾಯನಿಕಗಳಿಗೆ ಮರುಳಾಗಿದ್ದೇವೆ ಎಂದು ನೊಂದು ಬರೆದಿದ್ದಾರೆ. ಇನ್ನೊಂದು ಪಕ್ಷದವರು ಮೂಲಿಕೆಯ ಮಾತೆತ್ತಿದವರನ್ನೆಲ್ಲ ಮೂಢನಂಬಿಕೆಯವರೆಂದು ತಳ್ಳಿಹಾಕಿದ್ದಾರೆ. ಔಷಧವೊಂದು ಎಲ್ಲಿಂದ ಬಂತು ಎಂಬುದರ ಮೇಲೆಯೇ ಅದರ ಗುಣದೋಷವನ್ನು ತೀರ್ಮಾನಿಸುವುದರಲ್ಲಿ ಮಾತ್ರ ಇಬ್ಬರೂ ಒಂದೇ ದಾರಿ ಹಿಡಿದಿದ್ದಾರೆ. ಆ ದಾರಿ ಸರಿಯಿಲ್ಲ ಎಂದು ತಿಳಿಸುವ ಸಲುವಾಗಿ ಈ ಪತ್ರ.

ಮೊದಲು ಮೆಟ್‌ಫಾರ್ಮಿನ್ ವಿಷಯವನ್ನೇ ತೆಗೆದುಕೊಳ್ಳೋಣ. ಎರಡನೇ ವಿಧದ ಮಧುಮೇಹಕ್ಕೆ ಜಗತ್ತಿನಾದ್ಯಂತ ಅತಿ ಹೆಚ್ಚು ಬಳಕೆಯಲ್ಲಿರುವ ಈ ಮಾತ್ರೆಯನ್ನು 'ಕೆಮಿಕಲ್' ಎಂದು ದೂರುವವರು ಅದರ ಹುಟ್ಟನ್ನು ಕೇಳಿದರೆ ಆಶ್ಚರ್ಯಪಟ್ಟಾರು. ಯುರೋಪಿನ ಹಳೆಯ ವೈದ್ಯಪದ್ಧತಿಯಲ್ಲಿ ಬಳಕೆಯಲ್ಲಿದ್ದ ಗಲೇಗಾ ಅಫಿಸಿನಾಲಿಸ್ ಎಂಬ, ನೇರಳೆ ಹೂ ಬಿಡುವ ಗಿಡದಲ್ಲಿ ಗಲೇಜಿನ್ ಎಂಬ ವಸ್ತುವಿದೆ. ಅದು ರಕ್ತದಲ್ಲಿನ ಸಕ್ಕರೆಯನ್ನು ಇಳಿಸುತ್ತದೆ ಎಂಬುದು ಇಪ್ಪತ್ತನೇ ಶತಮಾನದ ಆರಂಭದ ದಶಕಗಳಲ್ಲಿ ತಿಳಿದುಬಂತು. ಆದರೆ ಅದೇ ಗಲೇಜಿನ್ ವಿಷವೂ ಹೌದು. ಆ ಗಿಡವನ್ನು ಮೇದ ಕುರಿಗಳು ಸತ್ತದ್ದುಂಟು. ಗಲೇಜಿನ್ ಸೇರಿದ ಗ್ವಾನಿಡಿನ್ ಬಳಗದ ರಾಸಾಯನಿಕಗಳನ್ನು ಪ್ರಯೋಗಾಲಯದಲ್ಲಿ ಒಂದೊಂದಾಗಿ ತಯಾರಿಸಿ ನೋಡುತ್ತಿದ್ದ ಕಾಲದಲ್ಲಿ, 1922ರಲ್ಲಿ, ಡಬ್ಲಿನ್‌ನ ವರ್ನರ್ ಮತ್ತು ಬೆಲ್ ಎಂಬ ರಸಾಯನಶಾಸ್ತ್ರಜ್ಞರು ಮೆಟ್‌ಫಾರ್ಮಿನ್ ಅನ್ನು ಸಿದ್ಧಪಡಿಸಿದರು. ಅದನ್ನು ಮಧುಮೇಹಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದವರು ಫ್ರಾನ್ಸಿನ ವೈದ್ಯ ಜ್ಯಾನ್ ಸ್ಟೆರ್ನ್, 1957ರಲ್ಲಿ. ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಗಲು 1994ರ ಕೊನೆಯವರೆಗೆ ಕಾಯಬೇಕಾಯಿತು. ಅದಕ್ಕೊಂದು ಕಾರಣವಿತ್ತು: ಅದೇ ಬಳಗದ ಫೆನ್‌ಫಾರ್ಮಿನ್ ಎಂಬ ಮಾತ್ರೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲವನ್ನು ಅಪಾಯಕರ ಮಟ್ಟಕ್ಕೆ ಏರಿಸಿ ಸಾವುಗಳಿಗೆ ಕಾರಣವಾಗುತ್ತಿದ್ದುದರಿಂದ 1970ರ ದಶಕದ ಕೊನೆಯಲ್ಲಿ ಅಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಗಿತ್ತು. ಒಂದೇ ಗಿಡದ ಗುಣವನ್ನು ಬೆನ್ನತ್ತಿ ಹೋದ ದಾರಿಯಲ್ಲಿ ಕುರಿಯನ್ನು ಕೊಲ್ಲುವ ಗಲೇಜಿನ್, ಮನುಷ್ಯರನ್ನು ಕೊಂದ ಫೆನ್‌ಫಾರ್ಮಿನ್, ಕೋಟ್ಯಂತರ ಜನರನ್ನು ಕಾಪಾಡುತ್ತಿರುವ ಮೆಟ್‌ಫಾರ್ಮಿನ್ ಮೂರೂ ಸಿಕ್ಕವು. ಈ ಮೂರನ್ನೂ ಬೇರ್ಪಡಿಸಿ ತೋರಿಸಿದ್ದು ದಶಕಗಳ ಪರೀಕ್ಷೆ.

ಹೀಗೆ ಗಿಡದಿಂದ ಮಾತ್ರೆಯತ್ತ ನಡೆದ ಪಯಣ ಇದೊಂದೇ ಏನಲ್ಲ. ಸೇಬಿನ ಮರದ ಬೇರಿನ ತೊಗಟೆಯಿಂದ 1835ರಲ್ಲೇ ಬೇರ್ಪಡಿಸಲಾಗಿದ್ದ ಫ್ಲೋರಿಜಿನ್ ಎಂಬ ಕಹಿವಸ್ತುವನ್ನು ಕೊಟ್ಟರೆ ಮೂತ್ರದಲ್ಲಿ ಸಕ್ಕರೆ ಹೊರಬೀಳುತ್ತದೆ ಎಂಬುದನ್ನು ಜರ್ಮನಿಯ ವಾನ್ ಮೆರಿಂಗ್ ಅದೇ ಶತಮಾನದ ಕೊನೆಯ ಭಾಗದಲ್ಲಿ ಗುರುತಿಸಿದ್ದರು. ಆದರೆ ಬಾಯಿಯ ಮೂಲಕ ಕೊಟ್ಟ ಫ್ಲೋರಿಜಿನ್ ಕರುಳಿನಲ್ಲೇ ಒಡೆದುಹೋಗುತ್ತದೆ, ಸಾಲದೆಂಬಂತೆ ಭೇದಿಯನ್ನೂ ಉಂಟುಮಾಡುತ್ತದೆ. ಮೂತ್ರಪಿಂಡದಲ್ಲಿ ಸಕ್ಕರೆಯನ್ನು ರಕ್ತಕ್ಕೆ ಮರಳಿ ಎಳೆದುಕೊಳ್ಳುವ ಒಂದು ಸಾಗಣೆಯ ಪ್ರೋಟೀನನ್ನು ಮಾತ್ರ ತಡೆಯುವಂತೆ ಆ ಅಣುವನ್ನು ತಿದ್ದಿದ ಮೇಲೆಯೇ ಇಂದಿನ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಬಂದವು. ಮೊದಲೇ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿದ್ದ 7,000ಕ್ಕೂ ಹೆಚ್ಚು ಮಧುಮೇಹಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಎಂಪಾಗ್ಲಿಫ್ಲೋಜಿನ್ ಪಡೆದವರಲ್ಲಿ ಹೃದಯ ಸಂಬಂಧಿ ಸಾವುಗಳು ಶೇ 38ರಷ್ಟು ಕಡಿಮೆಯಾಗಿದ್ದವು. ಸೇಬಿನ ತೊಗಟೆಯ ಕಷಾಯ ಕುಡಿದು ಯಾರೂ ಆ ಫಲ ಪಡೆಯಲಾರರು. ಆದರೆ ಆ ತೊಗಟೆಯನ್ನು ಯಾರೂ ಗಮನಿಸದೆ ಹೋಗಿದ್ದರೆ ಈ ಮಾತ್ರೆಗೆ ಸುಳಿವೂ ಸಿಗುತ್ತಿರಲಿಲ್ಲ.

ಸಾರ ಎಂಬ ಪದವನ್ನು ನಾವು ಬಹಳ ಸಲೀಸಾಗಿ ಬಳಸುತ್ತೇವೆ. ಒಂದೇ ಜಾತಿಯ ಗಿಡದ ಎಲೆಯನ್ನು ನೀರಿನಲ್ಲಿ ಕುದಿಸಿದರೆ ಬರುವ ವಸ್ತುಗಳೇ ಬೇರೆ, ಆಲ್ಕೋಹಾಲ್‌ನಲ್ಲಿ ನೆನೆಹಾಕಿದರೆ ಬರುವ ವಸ್ತುಗಳೇ ಬೇರೆ. ಗಿಡ ಬೆಳೆದ ಮಣ್ಣು, ಕಿತ್ತ ಋತು, ಎಲೆಯ ವಯಸ್ಸು, ಒಣಗಿಸಿದ ಬಗೆ, ಚೀಲದಲ್ಲಿಟ್ಟ ತಿಂಗಳುಗಳು, ಇವೆಲ್ಲ ಸೇರಿ ಅದರೊಳಗಿನ ಸಕ್ರಿಯ ವಸ್ತುವಿನ ಪ್ರಮಾಣವನ್ನು ಹಲವು ಪಟ್ಟು ಏರುಪೇರು ಮಾಡಬಲ್ಲವು. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಒಂದೇ ವಿಧಾನದಲ್ಲಿ ತೆಗೆದ ಎರಡು ತಂಡದ ಸಾರಗಳನ್ನು ಅಕ್ಕಪಕ್ಕ ಇಟ್ಟು ಅಳೆದಾಗ ಅವು ಹೊಂದದೆ ಹೋಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. 500 ಮಿಲಿಗ್ರಾಂ ಮೆಟ್‌ಫಾರ್ಮಿನ್ ಎಂದು ಮುದ್ರಿಸಿದ ಮಾತ್ರೆಯಲ್ಲಿ ಸಣ್ಣ ಅಂತರದ ಮಿತಿಯೊಳಗೆ ಅಷ್ಟೇ ಇರಲೇಬೇಕು ಎಂಬ ಕಟ್ಟುಪಾಡಿದೆ. ಮೂಲಿಕೆಯ ಡಬ್ಬಿಯ ಮೇಲೆ 500 ಮಿಲಿಗ್ರಾಂ ಸಾರ ಎಂದಷ್ಟೇ ಬರೆದಿದ್ದರೆ ಅದರಲ್ಲಿ ಕೆಲಸ ಮಾಡುವ ವಸ್ತು ಎಷ್ಟಿದೆ ಎಂಬುದನ್ನು ಆ ಬರಹ ಹೇಳುವುದೇ ಇಲ್ಲ.

ಇದಕ್ಕೆ ಇನ್ಸುಲಿನ್‌ನ ಕಥೆಗಿಂತ ಸ್ಪಷ್ಟ ನಿದರ್ಶನ ನನಗೆ ಗೊತ್ತಿಲ್ಲ, ಅದು ಸಸ್ಯದ ಸಾರವಲ್ಲದಿದ್ದರೂ. 1922ರ ಜನವರಿ 11ರಂದು ಟೊರಾಂಟೊದಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಪ್ರಾಣಿಯ ಮೇದೋಜೀರಕ ಗ್ರಂಥಿಯಿಂದ ತೆಗೆದ ಸಾರವನ್ನು ಚುಚ್ಚಿದಾಗ ಸಕ್ಕರೆ ಸ್ವಲ್ಪವೇ ಇಳಿಯಿತು, ಚುಚ್ಚಿದ ಜಾಗದಲ್ಲಿ ಬಾವು ಬಂತು, ಚಿಕಿತ್ಸೆಯನ್ನು ನಿಲ್ಲಿಸಬೇಕಾಯಿತು. ಆ ಸಾರದಲ್ಲಿದ್ದ ಇನ್ಸುಲಿನ್ ಅನ್ನು ಕಂಡುಹಿಡಿದ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರ ಜೊತೆಗೂಡಿದ್ದ ರಸಾಯನಶಾಸ್ತ್ರಜ್ಞ ಕಾಲಿಪ್, ಆಲ್ಕೋಹಾಲ್‌ನ ಪ್ರಮಾಣವನ್ನು ಹಂತ ಹಂತವಾಗಿ ಬದಲಿಸುತ್ತಾ ಕಲ್ಮಶಗಳನ್ನು ಕಳೆದು ಶುದ್ಧಗೊಳಿಸಿದ ಸಾರವನ್ನು ಅದೇ ತಿಂಗಳ 23ರಂದು ಕೊಟ್ಟಾಗ ಆ ಹುಡುಗನ ಸಕ್ಕರೆ ಸಹಜ ಮಟ್ಟದತ್ತ ಇಳಿಯಿತು. ಹನ್ನೆರಡು ದಿನಗಳ ಅಂತರದಲ್ಲಿ ಮೂಲವಸ್ತು ಬದಲಾಗಿರಲಿಲ್ಲ. ಶುದ್ಧಿ ಮತ್ತು ಅಳತೆ ಬದಲಾಗಿದ್ದವು.

ಇನ್ನು ಸಸ್ಯಗಳ ಪರವಾಗಿ ಉಲ್ಲೇಖವಾಗುವ ಸಂಶೋಧನೆಗಳ ವಿಚಾರ. ರಕ್ತದ ಸಕ್ಕರೆಯನ್ನು ಇಳಿಸುವುದಾಗಿ ವರದಿಯಾಗಿರುವ ಸಸ್ಯ ಪ್ರಭೇದಗಳು ಸಾವಿರಕ್ಕೂ ಹೆಚ್ಚಿವೆ. ಆದರೆ ಆ ವರದಿಗಳಲ್ಲಿ ಬಹುಪಾಲು ಇಲಿಗಳ ಮೇಲಿನ ಪ್ರಯೋಗಗಳು. ಸ್ಟ್ರೆಪ್ಟೊಜೊಟೊಸಿನ್ ಅಥವಾ ಅಲಾಕ್ಸಾನ್ ಎಂಬ ವಿಷವಸ್ತುವಿನಿಂದ ಇಲಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶಪಡಿಸಿ, ನಂತರ ಸಾರವನ್ನು ಕುಡಿಸಿ ಸಕ್ಕರೆ ಅಳೆಯುತ್ತಾರೆ. ಎರಡನೇ ವಿಧದ ಮಧುಮೇಹವಿರುವ ಮನುಷ್ಯನಲ್ಲಿ ಆರಂಭದ ತೊಂದರೆ ಹೆಚ್ಚಾಗಿ ಇನ್ಸುಲಿನ್‌ಗೆ ದೇಹ ಸ್ಪಂದಿಸದಿರುವುದು. ಹಾಗಾಗಿ ಆ ಇಲಿಗೂ ಈ ರೋಗಿಗೂ ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ. ಪ್ರಮಾಣದ ಲೆಕ್ಕವನ್ನು ಹಾಕಿ ನೋಡುವವರಂತೂ ವಿರಳ. ಇಲಿಗೆ ಪ್ರತಿ ಕಿಲೋ ತೂಕಕ್ಕೆ 250 ಮಿಲಿಗ್ರಾಂ ಸಾರ ಕೊಟ್ಟರು ಎಂದಿಟ್ಟುಕೊಳ್ಳಿ. ದೇಹದ ಮೇಲ್ಮೈಯ ಆಧಾರದ ಮೇಲೆ ಅದನ್ನು ಮನುಷ್ಯನಿಗೆ ಹೊಂದಿಸಲು ಸುಮಾರು 6.2ರಿಂದ ಭಾಗಿಸುವುದು ವಾಡಿಕೆ. ಆಗ ಕಿಲೋಗೆ 40 ಮಿಲಿಗ್ರಾಂ, ಅರವತ್ತು ಕಿಲೋ ತೂಕದವರಿಗೆ ದಿನಕ್ಕೆ 2.4 ಗ್ರಾಂ ಸಾರ ಬೇಕಾಗುತ್ತದೆ. ಹತ್ತು ಗ್ರಾಂ ಒಣ ಎಲೆಗೆ ಒಂದು ಗ್ರಾಂ ಸಾರ ಸಿಗುವುದಾದರೆ ಅದು 24 ಗ್ರಾಂ ಒಣ ಎಲೆಗೆ ಸಮ. ಅರ್ಧ ಗ್ರಾಂ ಎಲೆಪುಡಿ ತುಂಬಿದ ಒಂದು ಕ್ಯಾಪ್ಸೂಲ್ ಅನ್ನು ಇಲಿಯ ಪ್ರಯೋಗದ ಹೆಸರಿನಲ್ಲಿ ಸಮರ್ಥಿಸುವವರು ಈ ಸರಳ ಗಣಿತವನ್ನು ಓದುಗರ ಮುಂದೆ ಇಡಬೇಕು.

ಮನುಷ್ಯರ ಮೇಲೆ ನಡೆದ ಪರೀಕ್ಷೆಗಳು ಇಲ್ಲವೆಂದಲ್ಲ, ಮತ್ತು ಅವುಗಳಲ್ಲಿ ಕೆಲವು ನಿಜಕ್ಕೂ ಭರವಸೆ ಹುಟ್ಟಿಸುತ್ತವೆ. ಹೊನ್ನೆ ಮರದ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 97 ರೋಗಿಗಳ ಪೈಕಿ 67 ಮಂದಿಯಲ್ಲಿ ಹನ್ನೆರಡು ವಾರಗಳಲ್ಲಿ ಸಕ್ಕರೆ ಹತೋಟಿಗೆ ಬಂತು. ಮಧುನಾಶಿನಿ ಎಲೆಯ ಸಾರವನ್ನು ದಿನಕ್ಕೆ 400 ಮಿಲಿಗ್ರಾಂನಂತೆ, ನಡೆಯುತ್ತಿದ್ದ ಮಾತ್ರೆಗಳ ಜೊತೆಗೇ, 22 ರೋಗಿಗಳಿಗೆ ಹದಿನೆಂಟರಿಂದ ಇಪ್ಪತ್ತು ತಿಂಗಳು ಕೊಟ್ಟ 1990ರ ಅಧ್ಯಯನದಲ್ಲಿ ಐವರು ತಮ್ಮ ಮಾತ್ರೆಗಳನ್ನು ನಿಲ್ಲಿಸಲು ಸಾಧ್ಯವಾಯಿತು. ಇವೆರಡನ್ನೂ ನಾನು ಗೌರವದಿಂದಲೇ ಕಾಣುತ್ತೇನೆ. ಆದರೆ ಹೊನ್ನೆಯ ಅಧ್ಯಯನದಲ್ಲಿ ಹೋಲಿಕೆಗೆ ಬೇರೆ ಔಷಧ ಪಡೆದ ಗುಂಪು ಇರಲಿಲ್ಲ, ಯಾರು ಏನು ತೆಗೆದುಕೊಳ್ಳುತ್ತಿದ್ದಾರೆಂಬುದು ಎಲ್ಲರಿಗೂ ಗೊತ್ತಿತ್ತು. ಮಧುನಾಶಿನಿಯ ಅಧ್ಯಯನದಲ್ಲಿ ರೋಗಿಗಳ ಸಂಖ್ಯೆಯೇ ಕಡಿಮೆ. ವಾರವಾರ ವೈದ್ಯರ ಎದುರು ಕೂರುವ ರೋಗಿ ತನ್ನಷ್ಟಕ್ಕೇ ಊಟವನ್ನು ಹತೋಟಿಯಲ್ಲಿಡುತ್ತಾನೆ, ನಡಿಗೆ ಹೆಚ್ಚಿಸುತ್ತಾನೆ. ಸಕ್ಕರೆ ಬಹಳ ಏರಿದ್ದಾಗ ಪರೀಕ್ಷೆಗೆ ಸೇರಿದವನಲ್ಲಿ ಅದು ಸ್ವಲ್ಪ ಇಳಿಯುವುದು ಏನೂ ಕೊಡದಿದ್ದರೂ ಆಗಬಹುದಾದದ್ದೇ. ಹೋಲಿಕೆಯ ಗುಂಪಿಲ್ಲದೆ ಇದರಲ್ಲಿ ಮೂಲಿಕೆಯ ಪಾಲೆಷ್ಟು ಎಂದು ಹೇಳಲು ಬರುವುದಿಲ್ಲ.

ಹೋಲಿಕೆ ಮಾಡಿದಾಗ ಏನಾಗುತ್ತದೆ ಎಂಬುದಕ್ಕೆ ಹಾಗಲಕಾಯಿಯೇ ಸಾಕ್ಷಿ. 2011ರಲ್ಲಿ ಪ್ರಕಟವಾದ, ರೋಗಿಗೂ ವೈದ್ಯರಿಗೂ ಯಾವುದು ಯಾವುದೆಂದು ತಿಳಿಯದಂತೆ ನಾಲ್ಕು ವಾರ ನಡೆದ ಪರೀಕ್ಷೆಯಲ್ಲಿ ದಿನಕ್ಕೆ 2,000 ಮಿಲಿಗ್ರಾಂ ಒಣ ಹಾಗಲಕಾಯಿ ಪುಡಿ ಸಕ್ಕರೆಯ ಸೂಚಕವೊಂದನ್ನು ನಿಜಕ್ಕೂ ಇಳಿಸಿತು. ಆದರೆ ದಿನಕ್ಕೆ 1,000 ಮಿಲಿಗ್ರಾಂ ಮೆಟ್‌ಫಾರ್ಮಿನ್ ಇಳಿಸಿದಷ್ಟು ಇಳಿಸಲಿಲ್ಲ. ದಾಲ್ಚಿನ್ನಿಯದು ಇನ್ನೂ ಕಣ್ಣು ತೆರೆಸುವ ಪ್ರಸಂಗ. 2003ರಲ್ಲಿ ಅರವತ್ತು ಮಂದಿಯ ಒಂದು ಸಣ್ಣ ಪರೀಕ್ಷೆ ದೊಡ್ಡ ಭರವಸೆ ಮೂಡಿಸಿತು, ಸುದ್ದಿ ಎಲ್ಲೆಡೆ ಹಬ್ಬಿತು. 2012ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶಕರು 577 ಮಂದಿಯಿದ್ದ ಹತ್ತು ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿದಾಗ ದಾಲ್ಚಿನ್ನಿಯಿಂದ ಸಕ್ಕರೆಯ ದೀರ್ಘಕಾಲೀನ ಸರಾಸರಿಯಲ್ಲಿ ಖಚಿತ ಪ್ರಯೋಜನ ಕಾಣಲಿಲ್ಲ. ಇಷ್ಟಾದರೂ ಹಳೆಯ ಸುದ್ದಿಯೇ ಇಂದಿಗೂ ಓಡಾಡುತ್ತಿದೆ. ಕ್ಯಾಸಿಯಾ ಬಗೆಯ ದಾಲ್ಚಿನ್ನಿಯಲ್ಲಿ ಕೌಮರಿನ್ ಎಂಬ ವಸ್ತು ಹೆಚ್ಚಿರುವುದರಿಂದ ಅದನ್ನು ದಿನವೂ ಚಮಚಗಟ್ಟಲೆ ನುಂಗುವವರ ಯಕೃತ್ತಿಗೆ ಅಪಾಯವಿದೆ ಎಂಬ ಎಚ್ಚರಿಕೆ ಮಾತ್ರ ಜೊತೆಯಲ್ಲಿ ಓಡಾಡುವುದಿಲ್ಲ.

ಮರದರಿಶಿನದಂತಹ ಗಿಡಗಳಲ್ಲಿರುವ ಬರ್ಬೆರಿನ್ ಈ ಸಾಲಿನಲ್ಲಿ ಸ್ವಲ್ಪ ಬೇರೆಯಾಗಿ ನಿಲ್ಲುತ್ತದೆ. ಹೊಸದಾಗಿ ಮಧುಮೇಹ ಪತ್ತೆಯಾದ 36 ಮಂದಿಯ ಮೇಲೆ ಮೂರು ತಿಂಗಳು ನಡೆದು 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರ ಫಲ ಮೆಟ್‌ಫಾರ್ಮಿನ್‌ಗೆ ಸರಿಸುಮಾರು ಸಮನಾಗಿತ್ತು. ಗಮನಿಸಬೇಕಾದ್ದೆಂದರೆ ಅಲ್ಲಿ ಬಳಸಿದ್ದು ಬೇರಿನ ಕಷಾಯವಲ್ಲ. ಶುದ್ಧೀಕರಿಸಿ, ತೂಕ ಮಾಡಿ, ಅರ್ಧ ಗ್ರಾಂನಂತೆ ದಿನಕ್ಕೆ ಮೂರು ಬಾರಿ ಕೊಟ್ಟ ಒಂದೇ ವಸ್ತು. ಗಿಡದಿಂದ ಬಂದದ್ದಾದರೂ ಅದು ಆ ಹಂತದಲ್ಲಿ ಮಾತ್ರೆಯೇ ಆಗಿತ್ತು. ಅದರ ದೋಷಗಳೂ ಮಾತ್ರೆಯ ದೋಷಗಳಂತೆಯೇ ಇವೆ: ಹೊಟ್ಟೆ ಕೆಡುತ್ತದೆ, ಬೇರೆ ಔಷಧಗಳನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನು ತಡೆಯುತ್ತದೆ, ಗರ್ಭಿಣಿಯರು ತೆಗೆದುಕೊಳ್ಳುವಂತಿಲ್ಲ.

ಸಕ್ಕರೆ ಇಳಿದರೆ ಸಾಕು, ಅದು ಮದ್ದೇ ಎಂಬ ನಂಬಿಕೆಯನ್ನೂ ಇಲ್ಲಿ ಪ್ರಶ್ನಿಸಬೇಕಾಗಿದೆ. ಆಕೀ ಎಂಬ ಮರದ ಬಲಿಯದ ಹಣ್ಣಿನಲ್ಲಿರುವ ಹೈಪೊಗ್ಲೈಸಿನ್ ರಕ್ತದ ಸಕ್ಕರೆಯನ್ನು ಬಹಳ ಬಲವಾಗಿ ಇಳಿಸುತ್ತದೆ. ಅದು ಕೊಬ್ಬನ್ನು ಶಕ್ತಿಯಾಗಿ ಬಳಸುವ ದೇಹದ ವ್ಯವಸ್ಥೆಯನ್ನೇ ಕೆಡಿಸಿ, ಯಕೃತ್ತು ಹೊಸ ಸಕ್ಕರೆ ತಯಾರಿಸದಂತೆ ಮಾಡುತ್ತದೆ. ಆ ಹಣ್ಣು ತಿಂದ ಮಕ್ಕಳು ವಾಂತಿ, ಸೆಳವು ಬಂದು ಪ್ರಾಣ ಬಿಟ್ಟಿದ್ದಾರೆ. ಇಳಿಕೆಯ ಸಂಖ್ಯೆಯನ್ನಷ್ಟೇ ನೋಡಿದರೆ ಅದಕ್ಕಿಂತ ಪ್ರಬಲವಾದ ಮೂಲಿಕೆ ಬೇರೆ ಇರಲಾರದು! ಮಧುಮೇಹಕ್ಕೆ ಚಿಕಿತ್ಸೆ ಕೊಡುವುದು ಕಣ್ಣು, ಮೂತ್ರಪಿಂಡ, ನರ, ಹೃದಯ ಉಳಿಯಲೆಂದು. ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾಗಿ 1998ರಲ್ಲಿ ಫಲಿತಾಂಶ ಪ್ರಕಟವಾದ ದೀರ್ಘ ಅಧ್ಯಯನದಲ್ಲಿ, ತೂಕ ಹೆಚ್ಚಿದ್ದ ಮಧುಮೇಹಿಗಳ ಪೈಕಿ ಮೆಟ್‌ಫಾರ್ಮಿನ್ ಪಡೆದವರಲ್ಲಿ ಒಟ್ಟು ಸಾವುಗಳು ಶೇ 36ರಷ್ಟು ಕಡಿಮೆಯಾಗಿದ್ದವು. ಅಷ್ಟು ವರ್ಷ ಹಿಂಬಾಲಿಸಿ, ಕಣ್ಣು ಉಳಿಯಿತೇ, ಆಯುಸ್ಸು ಹೆಚ್ಚಿತೇ ಎಂದು ನೋಡಿದಂಥ ಅಧ್ಯಯನ ಯಾವ ಸಸ್ಯಸಾರಕ್ಕೂ ಆಗಿಲ್ಲ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನವಾದ್ದರಿಂದ ಆ ಕಣದೊಳಗಿನ ಹಿಮೋಗ್ಲೋಬಿನ್‌ಗೆ ಅಂಟಿದ ಸಕ್ಕರೆಯನ್ನು ಅಳೆಯುವ ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುತ್ತದೆ. ಎರಡು ವಾರ ಕಷಾಯ ಕುಡಿದು ಬೆಳಗಿನ ಖಾಲಿ ಹೊಟ್ಟೆಯ ಒಂದು ಅಳತೆಯನ್ನು ತೋರಿಸುವವರಿಗೆ ಅದನ್ನು ನೆನಪಿಸಬೇಕಾಗುತ್ತದೆ.

ಮಾತ್ರೆಗಳಿಗೆ ದೋಷವಿಲ್ಲವೆಂದು ನಾನು ವಾದಿಸುತ್ತಿಲ್ಲ. ಟ್ರೋಗ್ಲಿಟಜೋನ್ ಎಂಬ ಮಾತ್ರೆ 1997ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದು, ಯಕೃತ್ತನ್ನು ಹಾಳುಗೆಡವಿ, 2000ದಲ್ಲಿ ಹಿಂದಕ್ಕೆ ಹೋಯಿತು. ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ವಯಸ್ಸಾದವರಲ್ಲಿ, ಮೂತ್ರಪಿಂಡ ದುರ್ಬಲವಾದವರಲ್ಲಿ ಸಕ್ಕರೆಯನ್ನು ಪ್ರಜ್ಞೆ ತಪ್ಪುವ ಮಟ್ಟಕ್ಕೆ ಇಳಿಸಬಲ್ಲದು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕಡಿಮೆಯಾಗುವುದುಂಟು. ಈ ದೋಷಗಳನ್ನು ಪಟ್ಟಿ ಮಾಡಲು ನಮಗೆ ಸಾಧ್ಯವಾಗುತ್ತಿರುವುದು ಅವನ್ನು ಯಾರೋ ಎಣಿಸಿದ್ದರಿಂದ. ಮಾತ್ರೆಯ ಜೊತೆಗಿನ ಕಾಗದದಲ್ಲಿ ಅಡ್ಡಪರಿಣಾಮಗಳ ಉದ್ದನೆಯ ಪಟ್ಟಿ ಕಂಡು ಬೆಚ್ಚಿ, ಅಂಥ ಪಟ್ಟಿಯಿಲ್ಲದ ಡಬ್ಬಿಯನ್ನು ನಿರಪಾಯಕಾರಿ ಎಂದು ಭಾವಿಸುವುದು, ಲೆಕ್ಕ ಬರೆಯದ ಅಂಗಡಿಯಲ್ಲಿ ನಷ್ಟವೇ ಇಲ್ಲವೆಂದು ನಂಬಿದಂತೆ.

ಅಂಥ ಡಬ್ಬಿಗಳೊಳಗೆ ಏನಿತ್ತು ಎಂಬುದು ಕೆಲವೊಮ್ಮೆ ಸಾವಿನ ನಂತರ ತಿಳಿದಿದೆ. 2008ರಲ್ಲಿ ಸಿಂಗಪುರದಲ್ಲಿ ಲೈಂಗಿಕ ಶಕ್ತಿವರ್ಧಕಗಳೆಂದು ಮಾರಾಟವಾದ ನಕಲಿ ಮಾತ್ರೆ ಮತ್ತು ಮೂಲಿಕೆಯ ಉತ್ಪನ್ನಗಳನ್ನು ನುಂಗಿದ, ಮಧುಮೇಹವೇ ಇಲ್ಲದ ಸುಮಾರು 150 ಮಂದಿ ಸಕ್ಕರೆ ತೀರಾ ಇಳಿದು ಆಸ್ಪತ್ರೆ ಸೇರಿದರು, ನಾಲ್ವರು ಸತ್ತರು. ಅವುಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಬೆರೆತಿತ್ತು. 2009ರ ಆರಂಭದಲ್ಲಿ ಚೀನಾದ ಷಿನ್‌ಜಿಯಾಂಗ್‌ನಲ್ಲಿ ಮಧುಮೇಹಕ್ಕೆಂದೇ ಮಾರಿದ ಸಾಂಪ್ರದಾಯಿಕ ಔಷಧದ ಹೆಸರಿನ ಕ್ಯಾಪ್ಸೂಲ್‌ನಿಂದ ಇಬ್ಬರು ಸತ್ತಾಗಲೂ ಸಿಕ್ಕಿದ್ದು ಅದೇ ಮಾತ್ರೆಯ ಪುಡಿ, ವಾಡಿಕೆಯ ಪ್ರಮಾಣದ ಆರು ಪಟ್ಟು. ರಾಸಾಯನಿಕ ಬೇಡವೆಂದು ಮೂಲಿಕೆಗೆ ಹೋದವರಿಗೆ, ಅವರಿಗೆ ಗೊತ್ತಿಲ್ಲದಂತೆ, ಅಳತೆಯಿಲ್ಲದ ರಾಸಾಯನಿಕವನ್ನೇ ಉಣಿಸಿದಂತಾಯಿತು. ಪ್ರಾಮಾಣಿಕವಾಗಿ ಮೂಲಿಕೆ ತಯಾರಿಸುವವರಿಗೆ ಇದಕ್ಕಿಂತ ದೊಡ್ಡ ದ್ರೋಹವಿಲ್ಲ. ಕಟ್ಟುನಿಟ್ಟಿನ ತಪಾಸಣೆ ಬೇಕೆಂದು ಮೊದಲು ಕೂಗಬೇಕಾದವರು ಅವರೇ.

ನನ್ನ ಸ್ವಂತ ಅಕ್ಕ ಏಳು ತಿಂಗಳು ಮಾತ್ರೆ ಬಿಟ್ಟು ಒಂದು ಚೂರ್ಣವನ್ನು ನಂಬಿದ್ದರು. ನನಗೆ ಹೇಳಲಿಲ್ಲ, ವೈದ್ಯರಿಗೂ ಹೇಳಲಿಲ್ಲ. ಹೇಳಿದರೆ ಗದರುತ್ತಾರೆಂಬ ಭಯ. ಸುಸ್ತು ಕಡಿಮೆಯಾಗಿದೆ ಎಂದು ಅವರಿಗೆ ನಿಜಕ್ಕೂ ಅನ್ನಿಸುತ್ತಿತ್ತಂತೆ. ಅಕ್ಷರಗಳು ಮಸುಕಾಗತೊಡಗಿದ ಮೇಲೆ ಮಾಡಿಸಿದ ತಪಾಸಣೆಯಲ್ಲಿ ಅಕ್ಷಿಪಟಲದ ರಕ್ತನಾಳಗಳು ಸೋರುತ್ತಿದ್ದುದು ಕಂಡಿತು. ಚೂರ್ಣ ಕೊಟ್ಟವರ ಮೇಲೆ ನನಗಿರುವ ಸಿಟ್ಟಿಗಿಂತ, ಅವರು ಧೈರ್ಯವಾಗಿ ಹೇಳಿಕೊಳ್ಳುವಂಥ ವಾತಾವರಣವನ್ನು ನಾವು ಯಾರೂ ಉಳಿಸಿರಲಿಲ್ಲವೆಂಬ ನೋವು ಹೆಚ್ಚು. ಮೂಲಿಕೆಯೆಂದರೆ ಸಾಕು ಮುಖ ಸಿಂಡರಿಸುವ ವೈದ್ಯಮಿತ್ರರಲ್ಲಿ ನನ್ನ ಪ್ರಾರ್ಥನೆ ಇಷ್ಟು: ಬೇರೆ ಏನನ್ನಾದರೂ ತೆಗೆದುಕೊಳ್ಳುತ್ತಿದ್ದೀರಾ ಎಂದು ಪ್ರತಿ ಭೇಟಿಯಲ್ಲೂ ಸಮಾಧಾನವಾಗಿ ಕೇಳಿ. ಮಾತ್ರೆಯ ಜೊತೆಗೆ ಗುಟ್ಟಾಗಿ ಸಾರವನ್ನೂ ತೆಗೆದುಕೊಂಡು ಎರಡೂ ಸೇರಿ ಸಕ್ಕರೆ ಕುಸಿದರೆ, ಆ ಒಂದು ಪ್ರಶ್ನೆಯೇ ಪ್ರಾಣ ಉಳಿಸೀತು. ಒಂದನೇ ವಿಧದ ಮಧುಮೇಹದಲ್ಲಂತೂ ಇನ್ಸುಲಿನ್ ನಿಲ್ಲಿಸಿ ಯಾವುದೇ ಸಾರವನ್ನು ಕೊಡುವುದು ಕೆಲವೇ ದಿನಗಳಲ್ಲಿ ಪ್ರಾಣಾಪಾಯಕ್ಕೆ ಒಯ್ಯುತ್ತದೆ. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ.

ಸಸ್ಯಗಳ ಸಂಶೋಧನೆ ನಿಲ್ಲಬೇಕೆಂಬುದು ನನ್ನ ಅಭಿಪ್ರಾಯವಲ್ಲ, ಅದು ಇನ್ನಷ್ಟು ಗಂಭೀರವಾಗಿ ನಡೆಯಬೇಕು. ಎಲ್ಲರಿಗೂ ಗೊತ್ತಿರುವ ಗಿಡದ ಮೇಲೆ ಏಕಸ್ವಾಮ್ಯದ ಪೇಟೆಂಟ್ ಸಿಗುವುದು ಕಷ್ಟವಾದ್ದರಿಂದ ಖಾಸಗಿ ಕಂಪನಿಗಳು ದೊಡ್ಡ ಪರೀಕ್ಷೆಗಳಿಗೆ ಹಣ ಹೂಡುವುದಿಲ್ಲ. ಸಾರ್ವಜನಿಕ ಹಣದಿಂದಲೇ ಅವು ನಡೆಯಬೇಕಾಗುತ್ತದೆ. ಏಕನಾಯಕ ಎಂಬ ಗಿಡದ ಬೇರಿನಲ್ಲಿರುವ ಸಲಾಸಿನಾಲ್ ಎಂಬ ವಸ್ತು, ಮಧುಮೇಹದ ಅಕಾರ್ಬೋಸ್ ಮಾತ್ರೆಯಂತೆಯೇ, ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕರುಳಿನ ಕಿಣ್ವವನ್ನು ತಡೆಯುತ್ತದೆ. ಅಳತೆ ಖಚಿತಪಡಿಸಿದ ಅಂಥ ಸಾರವನ್ನು, ಮಾತ್ರೆ ಬಿಡಿಸದೆ, ಅದರ ಜೊತೆಗೆ ಕೊಟ್ಟು, ನೂರಾರು ರೋಗಿಗಳನ್ನು ಕನಿಷ್ಠ ಒಂದು ವರ್ಷ ಹಿಂಬಾಲಿಸಿದರೆ ನಮಗೆ ನಿಜವಾದ ಉತ್ತರ ಸಿಕ್ಕೀತು.

ತಮ್ಮ ಪತ್ರಿಕೆಯಲ್ಲಿ ನನ್ನ ವಿನಂತಿ ಒಂದೇ. ಇನ್ನು ಮುಂದೆ ಯಾವುದಾದರೂ ಗಿಡ ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತಂದಿತೆಂಬ ವರದಿಯನ್ನು ಪ್ರಕಟಿಸುವಾಗ, ಪ್ರಯೋಗ ನಡೆದದ್ದು ಇಲಿಯ ಮೇಲೋ ಮನುಷ್ಯರ ಮೇಲೋ, ಎಷ್ಟು ಮಂದಿ, ಎಷ್ಟು ಕಾಲ, ಯಾವ ಭಾಗದ ಯಾವ ಸಾರ ಎಷ್ಟು ಪ್ರಮಾಣದಲ್ಲಿ, ಯಾವುದರೊಡನೆ ಹೋಲಿಸಿ ಎಂಬ ವಿವರಗಳನ್ನು ವರದಿಯ ಮೊದಲ ಭಾಗದಲ್ಲೇ ಕೊಡಿ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ ಅಥವಾ ಇನ್ಸುಲಿನ್ ಅನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು ಎಂಬ ಒಂದು ಸಾಲನ್ನೂ ಜೊತೆಗೆ ಸೇರಿಸಿ. ಹೊಸ ಮಾತ್ರೆಯ ಸುದ್ದಿಗೂ ಇದೇ ನಿಯಮ ಇರಲಿ.

ಇತಿ,
ತಮ್ಮ ವಿಶ್ವಾಸಿ,
ಔಷಧ ವಿಜ್ಞಾನದ ನಿವೃತ್ತ ಅಧ್ಯಾಪಕ